ಮನೆಯಲ್ಲಿ ಕನ್ನಡ ಬರವಣಿಗೆ ಕಲಿಸುವುದು: ಕಾಪಿ ಬರಹ ಮತ್ತು ಉಕ್ತಲೇಖನ
(ಶಾಲಾ ದಾಖಲಾತಿ ಕೋರುವ ಮಕ್ಕಳ ಪೋಷಕರ ಮಾಹಿತಿಗಾಗಿ)

ಕನ್ನಡ ಭಾಷಾ ಕಲಿಕಾ ಅಧಿನಿಯಮ, 2015ರ ಮೇರೆಗೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸುವುದು ಕಡ್ಡಾಯವಾಗಿದ್ದು, 2015-16ನೇ ಸಾಲಿನಲ್ಲಿ 1ನೇ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ಜಾರಿಗೆ ತರಲಾಗಿದೆ. ಇನ್ನೊಂದೆಡೆ, ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಪ್ರಕರಣ 4ರನ್ವಯ ಶಾಲೆಗೆ ಸೇರದ ಅಥವಾ ಮಧ್ಯದಲ್ಲಿ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸತಕ್ಕದ್ದು. ಇದರಿಂದಾಗಿ ಹತ್ತು ವರ್ಷದ ಮಗುವೊಂದು ಒತ್ತಕ್ಷರ ಬಾರದೆಯೇ 5ನೇ ತರಗತಿಯಲ್ಲಿ ಕುಳಿತುಕೊಳ್ಳುವ ಸಂದರ್ಭವಿರುತ್ತದೆ. ಅಂತಹ ಮಗುವಿಗೆ ವಿಶೇಷ ತರಬೇತಿ ಪಡೆಯುವ ಹಕ್ಕಿದೆ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷದ ಬರವಣಿಗೆ ಅಭ್ಯಾಸವು ಈ ತರಬೇತಿಗೆ ಪೂರಕವೇ ಹೊರತು ದಾಖಲಾತಿಗೆ ಬದಲಿಯಲ್ಲ.

ನೋಡಿ ಬರೆಯುವುದು

ಪಠ್ಯಪುಸ್ತಕದಿಂದ ಮಗುವಿಗೆ ಅರ್ಥವಾಗುವ ಎರಡು ಮೂರು ವಾಕ್ಯಗಳನ್ನು ಆರಿಸಿ, ಮೊದಲು ಗಟ್ಟಿಯಾಗಿ ಓದಿಸಬೇಕು. ಒಂದೊಂದೇ ಅಕ್ಷರ ನೋಡಿ ಬರೆಯುವುದು ಚಿತ್ರ ಬಿಡಿಸಿದಂತೆ. ಅದರಿಂದ ಅಕ್ಷರ ದುಂಡಗಾಗಬಹುದೇ ವಿನಾ ಪದ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇಡೀ ಪದವನ್ನು ನೋಡಿ, ಪುಸ್ತಕ ಮುಚ್ಚಿ, ಬರೆದು, ನಂತರ ತಾಳೆ ನೋಡುವುದು ಸೂಕ್ತ. ತಪ್ಪಿದ ಪದವನ್ನು ನೂರು ಬಾರಿ ಬರೆಸುವ ಹಳೆಯ ಪದ್ಧತಿಯಿಂದ ಬರವಣಿಗೆಯ ಮೇಲೆ ಬೇಸರ ಹುಟ್ಟುವುದಲ್ಲದೆ ಬೇರೆ ಪ್ರಯೋಜನ ಕಾಣದು.

ಕೇಳಿ ಬರೆಯುವುದು

ಹಿಂದಿನ ದಿನ ನೋಡಿ ಬರೆದ ವಾಕ್ಯಗಳನ್ನೇ ಮರುದಿನ ಉಕ್ತಲೇಖನವಾಗಿ ಕೊಡತಕ್ಕದ್ದು. ಮಗು ಎಂದೂ ಕಾಣದ ಪದಗಳನ್ನು ಹೇಳಿ ತಪ್ಪು ಎಣಿಸಿದರೆ ಅದು ಪರೀಕ್ಷೆಯಾದೀತು, ಕಲಿಕೆಯಾಗದು. ವಾಕ್ಯವನ್ನು ಒಮ್ಮೆ ಪೂರ್ತಿಯಾಗಿ, ಅನಂತರ ಎರಡು ಮೂರು ಪದಗಳಂತೆ ಬಿಡಿಸಿ ಓದಬೇಕು. ಬರೆದುದನ್ನು ಪುಸ್ತಕದೊಂದಿಗೆ ಹೋಲಿಸಿ ತಪ್ಪು ಗುರುತಿಸುವ ಕೆಲಸವನ್ನು ಮಗುವಿಗೇ ಬಿಡುವುದು ಉತ್ತಮ.

ಕನ್ನಡವನ್ನು ಬಹುಮಟ್ಟಿಗೆ ಉಚ್ಚರಿಸಿದಂತೆಯೇ ಬರೆಯಲಾಗುತ್ತದೆ. ಆದ್ದರಿಂದ ಹೇಳುವವರ ಉಚ್ಚಾರಣೆ ಮಗುವಿನ ಬರಹದಲ್ಲಿ ಇಳಿಯುತ್ತದೆ. ಮನೆಮಾತಿನಲ್ಲಿ ಹಕಾರ ಬಿಟ್ಟುಹೋಗುವ ಕಡೆ ‘ಹಕ್ಕಿ’ ‘ಅಕ್ಕಿ’ಯಾಗುತ್ತದೆ, ‘ಹಾಡು’ ‘ಆಡು’ ಆಗುತ್ತದೆ. ಇದು ಮಗುವಿನ ದಡ್ಡತನವಲ್ಲ. ಮನೆಮಾತನ್ನು ಹಳಿಯುವ ಅಗತ್ಯವೂ ಇಲ್ಲ. ಪುಸ್ತಕದ ರೂಪ ಬೇರೆಯೆಂದು ತೋರಿಸಿದರೆ ಸಾಕು. ಹುಲಿ–ಹುಳಿ, ಬೆಲೆ–ಬೆಳೆ, ಮನೆ–ಮಣೆ ಇಂತಹ ಜೋಡಿಗಳನ್ನು ವಾಕ್ಯದಲ್ಲಿಟ್ಟು ಹೇಳಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಹಾಗೂ ಶ, ಷಗಳ ಭೇದವು ಆಡುಮಾತಿನಲ್ಲಿ ಅನೇಕ ವೇಳೆ ಕೇಳಿಸದ ಕಾರಣ, ಅವನ್ನು ಕಿವಿಗಿಂತ ಕಣ್ಣಿನಿಂದ, ಅಂದರೆ ಕಾಪಿ ಬರಹದಿಂದಲೇ ಕಲಿಯಬೇಕಾಗುತ್ತದೆ.

ಅರ್ಕಾವತ್ತು ವಿಶೇಷ ಗಮನ ಬೇಡುತ್ತದೆ. ‘ಧರ್ಮ’ ಎನ್ನುವಾಗ ರಕಾರ ಮೊದಲು ಕೇಳಿಸಿದರೂ ಅದರ ಚಿಹ್ನೆಯನ್ನು ಮಕಾರದ ನಂತರ ಬರೆಯಲಾಗುತ್ತದೆ. ಕೇವಲ ಕೇಳಿ ಬರೆಯುವ ಮಗು ‘ಧಮ್ರ’ ಎಂದು ಬರೆದರೆ ಆಶ್ಚರ್ಯವಿಲ್ಲ. ‘ಕೃಷಿ’ಯನ್ನು ‘ಕ್ರಿಷಿ’ ಎಂದು ಬರೆಯುವುದೂ ಸಾಮಾನ್ಯ.

ತಪ್ಪುಗಳು ಕಡಿಮೆಯಾಗದಿದ್ದಲ್ಲಿ

ಹಲವು ತಿಂಗಳ ಅಭ್ಯಾಸದ ನಂತರವೂ ಮಗು ನೋಡಿ ಬರೆಯುವಾಗಲೇ ಅಕ್ಷರಗಳನ್ನು ಬಿಡುತ್ತಿದ್ದಲ್ಲಿ ಅಥವಾ ಚೆನ್ನಾಗಿ ಮಾತನಾಡುವ ಮಗುವಿಗೆ ಓದು ಬರಹ ಮಾತ್ರ ಕೈಗೂಡದಿದ್ದಲ್ಲಿ, ಗದರಿಸದೆ ಮೊದಲು ದೃಷ್ಟಿ ಮತ್ತು ಶ್ರವಣ ತಪಾಸಣೆ ಮಾಡಿಸತಕ್ಕದ್ದು. ಡಿಸ್ಲೆಕ್ಸಿಯಾ ಮೊದಲಾದ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಡಿ ಅಂಗವೈಕಲ್ಯವೆಂದು ಮಾನ್ಯ ಮಾಡಲಾಗಿದೆ. ದಿನಾಂಕ ನಮೂದಿಸಿದ ಉಕ್ತಲೇಖನದ ಪುಸ್ತಕವನ್ನು ಕಾಯ್ದಿರಿಸಿದ್ದರೆ ಶಿಕ್ಷಕರಿಗೂ ತಜ್ಞರಿಗೂ ತೋರಿಸಲು ಅನುಕೂಲವಾಗುತ್ತದೆ.

ದಾಖಲಾತಿ

ಪ್ರಾಥಮಿಕ ಶಿಕ್ಷಣದ ಹಂತದಲ್ಲಿ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಿ ಬರುವ ಮಗುವಿನ ವರ್ಗಾವಣೆ ಪ್ರಮಾಣಪತ್ರ ತಡವಾದರೂ ಪ್ರವೇಶವನ್ನು ತಡೆಹಿಡಿಯುವಂತಿಲ್ಲ. ವಿಶೇಷ ತರಬೇತಿಯ ಬಗ್ಗೆ ಪೋಷಕರು ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.