ಕಾಲುನೋವಿಗೆ ಎಲ್-ಆರ್ಜಿನೀನ್: ಒಂದು ಪರೀಕ್ಷೆ

ಕಾಲಿನ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ರಕ್ತದ ಹರಿವು ಕುಗ್ಗಿದವರಿಗೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಕೆಲವು ನಿಮಿಷ ನಿಂತರೆ ನೋವು ಬಿಡುತ್ತದೆ, ಮತ್ತೆ ನಡೆದರೆ ಮರುಕಳಿಸುತ್ತದೆ. ಧೂಮಪಾನಿಗಳಲ್ಲಿ, ಮಧುಮೇಹಿಗಳಲ್ಲಿ ಈ ತೊಂದರೆ ಹೆಚ್ಚು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗವಿದೆಯೆಂದು ಪರಿಗಣಿಸಲಾಗುತ್ತದೆ.

ಈ ನೋವಿಗೆಂದು ಪ್ರಯೋಗಿಸಿದ ಪೂರಕಗಳಲ್ಲಿ ಎಲ್-ಆರ್ಜಿನೀನ್ ಒಂದು. ಕಡಲೆಕಾಯಿ, ಬೇಳೆಕಾಳು, ಮಾಂಸಗಳಲ್ಲಿರುವ ಈ ಅಮೈನೊ ಆಮ್ಲದಿಂದಲೇ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ನಾಳವನ್ನು ಸಡಿಲಿಸಿ ಹಿಗ್ಗಿಸುವ ಈ ಅನಿಲದ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ಸಂದಿತು. ರೋಗಿಗಳ ನಾಳಗಳಲ್ಲಿ ಇದರ ಉತ್ಪಾದನೆ ಕುಂದಿರುತ್ತದೆ. ಕಚ್ಚಾವಸ್ತುವನ್ನು ಹೆಚ್ಚು ಕೊಟ್ಟರೆ ಉತ್ಪನ್ನವೂ ಹೆಚ್ಚೀತು ಎಂಬ ತರ್ಕ ಆಕರ್ಷಕವಾಗಿತ್ತು. ಕೆಲವೇ ವಾರಗಳ ಸಣ್ಣ ಪ್ರಯೋಗಗಳೂ ಆಸೆ ಹುಟ್ಟಿಸಿದವು.

ದೀರ್ಘಾವಧಿಯ ಪರೀಕ್ಷೆ ನಡೆದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ. ಫಲಿತಾಂಶ 2007ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 133 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 3 ಗ್ರಾಂ ಆರ್ಜಿನೀನ್, ಇನ್ನೊಂದಕ್ಕೆ ಔಷಧಾಂಶವಿಲ್ಲದ ಪ್ಲಸೀಬೊ ಆರು ತಿಂಗಳು ಕೊಡಲಾಯಿತು. ನೋವು ತಡೆಯಲಾಗದೆ ನಿಲ್ಲುವವರೆಗೆ ಟ್ರೆಡ್‌ಮಿಲ್ ಮೇಲೆ ನಡೆದ ದೂರವನ್ನು ಅಳೆಯಲಾಯಿತು. ಈ ದೂರ ಆರ್ಜಿನೀನ್ ಪಡೆದವರಲ್ಲಿ ಶೇ. 11.5ರಷ್ಟು, ಪ್ಲಸೀಬೊ ಪಡೆದವರಲ್ಲಿ ಶೇ. 28.3ರಷ್ಟು ಹೆಚ್ಚಿತು! ರಕ್ತದಲ್ಲಿ ಆರ್ಜಿನೀನ್ ಏರಿದ್ದರೂ ನೈಟ್ರಿಕ್ ಆಕ್ಸೈಡ್‌ನ ಸೂಚಕಗಳು ಸುಧಾರಿಸಲಿಲ್ಲ.

ಹೋಲಿಕೆಯ ಗುಂಪೇ ಇಲ್ಲದಿದ್ದರೆ ಆ ಶೇ. 11.5 ಪೂರಕದ ಗೆಲುವಾಗಿ ಮಾರುಕಟ್ಟೆಗೆ ಬರುತ್ತಿತ್ತು. ಇಂಥ ರೋಗಿಗಳು ಟ್ರೆಡ್‌ಮಿಲ್‌ಗೆ ಒಗ್ಗಿಕೊಳ್ಳುತ್ತಾರೆ, ಚಿಕಿತ್ಸೆಯ ಭರವಸೆಯಲ್ಲಿ ಮನೆಯಲ್ಲೂ ಹೆಚ್ಚು ನಡೆಯುತ್ತಾರೆ, ನೋವನ್ನು ಸ್ವಲ್ಪ ಹೆಚ್ಚು ಸಹಿಸುತ್ತಾರೆ. ಆದ್ದರಿಂದ ಮಾತ್ರೆಯಲ್ಲಿ ಏನೂ ಇಲ್ಲದಿದ್ದರೂ ದೂರ ಬೆಳೆಯಬಹುದು. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಗುಟ್ಟಾಗಿಡುವುದು ಇದಕ್ಕಾಗಿಯೇ.

ಆಹಾರದಲ್ಲಿರುವ ವಸ್ತುವಾದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆಯೂ ನಿಲ್ಲಲಿಲ್ಲ. ಹೃದಯಾಘಾತವಾದವರಿಗೆ ಆರ್ಜಿನೀನ್ ಕೊಟ್ಟ, 2006ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಪೂರಕ ಪಡೆದ ಗುಂಪಿನಲ್ಲಿ ಆರು ಮಂದಿ ತೀರಿಕೊಂಡರು, ಪ್ಲಸೀಬೊ ಗುಂಪಿನಲ್ಲಿ ಯಾರೂ ಇಲ್ಲ. ಹೊಸಬರನ್ನು ಸೇರಿಸಿಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಲಾಯಿತು.

ನಡೆಯುವ ದೂರವನ್ನು ಖಚಿತವಾಗಿ ಹೆಚ್ಚಿಸುವುದು ಮೇಲ್ವಿಚಾರಣೆಯಲ್ಲಿ ನಡೆಸುವ ನಡಿಗೆಯ ವ್ಯಾಯಾಮ: ನೋವು ಬರುವವರೆಗೆ ನಡೆದು, ಕುಳಿತು ಸುಧಾರಿಸಿಕೊಂಡು, ಮತ್ತೆ ನಡೆಯುವುದು, ವಾರಕ್ಕೆ ಮೂರು ಬಾರಿಯಂತೆ ಕನಿಷ್ಠ 12 ವಾರ. ಧೂಮಪಾನ ಬಿಡುವುದು, ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವುದು ಚಿಕಿತ್ಸೆಯ ಉಳಿದ ಭಾಗ.