ಚಳಿಗಾಲದಲ್ಲಿ ಡೀಸೆಲ್ ಸಂರಕ್ಷಣೆ

ಉಷ್ಣತೆ ಇಳಿದಾಗ ಡೀಸೆಲ್ ಎಣ್ಣೆಯು ಹೆಪ್ಪುಗಟ್ಟಿ ಎಂಜಿನಿಗೆ ಹರಿಯದಂತಾಗುವುದನ್ನೂ, ಅದರಲ್ಲಿ ಸೇರುವ ನೀರಿನಿಂದೊದಗುವ ಕೆಡುಕನ್ನೂ ತಡೆಯುವ ಕ್ರಮ.

ಡೀಸೆಲಿನಲ್ಲಿ ಸ್ವಭಾವತಃ ಇರುವ ಪ್ಯಾರಾಫಿನ್ ಎಂಬ ಮೇಣದಂಶವು ಬೆಚ್ಚನೆಯ ಹವೆಯಲ್ಲಿ ಕರಗಿಯೇ ಇದ್ದು, ಶೈತ್ಯ ಹೆಚ್ಚಿದಂತೆ ಮೊದಲು ಸೂಕ್ಷ್ಮ ಹರಳುಗಳಾಗಿ ಎಣ್ಣೆಯನ್ನು ಮಬ್ಬುಗೊಳಿಸಿ, ತರುವಾಯ ಫಿಲ್ಟರಿನ ರಂಧ್ರಗಳನ್ನು ಮುಚ್ಚಿ, ಕಡೆಗೆ ಎಣ್ಣೆಯನ್ನೆಲ್ಲ ಗಟ್ಟಿಯಾಗಿಸುತ್ತದೆ. ಎಣ್ಣೆಯು ಇನ್ನೂ ದ್ರವವಾಗಿರುವಾಗಲೇ ಎಂಜಿನ್ ನಿಂತುಹೋಗುವುದು ಫಿಲ್ಟರು ಹೀಗೆ ಮುಚ್ಚಿಹೋಗುವ ಕಾರಣದಿಂದಲೇ. ಆದುದರಿಂದ ಭಾರತೀಯ ಮಾನಕ 1460, ಡೀಸೆಲು ಫಿಲ್ಟರನ್ನು ದಾಟಬಲ್ಲ ಕನಿಷ್ಠ ಉಷ್ಣತೆಯು ನವೆಂಬರಿನಿಂದ ಫೆಬ್ರವರಿಯವರೆಗೆ 6 ಡಿಗ್ರಿ ಸೆಲ್ಸಿಯಸನ್ನೂ ಉಳಿದ ತಿಂಗಳುಗಳಲ್ಲಿ 18 ಡಿಗ್ರಿಯನ್ನೂ ಮೀರಕೂಡದೆಂದು ವಿಧಿಸಿದೆ.

ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ, 1884ರ ಜನವರಿ 13ರಂದು ಕಂಡ 7.8 ಡಿಗ್ರಿ. ಹೀಗಾಗಿ ಚಳಿಗಾಲದ ಎಣ್ಣೆಯನ್ನೇ ತುಂಬಿಸಿಕೊಂಡ ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ವಾಹನಗಳಿಗೆ ಮೇಣದ ಭಯವಿಲ್ಲ; ಆದರೆ ಬೇಸಿಗೆಯಲ್ಲಿ ತುಂಬಿಟ್ಟು ಜನವರಿಯವರೆಗೂ ಉಳಿಸಿದ ಜನರೇಟರಿನ ಎಣ್ಣೆಗೆ ಈ ಭರವಸೆ ಅನ್ವಯಿಸದು. ಇಲ್ಲಿನ ನಿಜವಾದ ಶತ್ರು ನೀರು. ಹಗಲಿನ ಬಿಸಿಲೂ ರಾತ್ರಿಯ ತಂಪೂ ಕೂಡಿದಾಗ ಅರೆತುಂಬಿದ ಟ್ಯಾಂಕಿನ ಒಳಗೋಡೆಯ ಮೇಲೆ ಹನಿಗೂಡಿದ ತೇವವು ಎಣ್ಣೆಗಿಂತ ಭಾರವಾದ ಕಾರಣ ತಳಕ್ಕಿಳಿದು, ತುಕ್ಕಿಗೂ ಸೂಕ್ಷ್ಮಜೀವಿಗಳಿಂದಾಗುವ ಲೋಳೆಗೂ ಆಸ್ಪದ ಕೊಡುತ್ತದೆ. ಟ್ಯಾಂಕನ್ನು ಸಾಧ್ಯವಾದಷ್ಟು ತುಂಬಿಸಿಡುವುದು, ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ನೀರನ್ನು ಹೊರಬಿಡುವುದು, ಹಳೆಯ ಎಣ್ಣೆಯನ್ನು ಮೊದಲು ಖರ್ಚುಮಾಡುವುದು, ಇವೇ ಇದಕ್ಕೆ ಪರಿಹಾರಗಳು. ಮುಂಜಾನೆ ಎಂಜಿನ್ ತಡವಾಗಿ ಹತ್ತಿಕೊಂಡರೆ ಎಣ್ಣೆಯನ್ನು ದೂರುವ ಮೊದಲು ಬ್ಯಾಟರಿಯನ್ನೂ ಹೀಟರ್ ಪ್ಲಗ್ಗನ್ನೂ ಪರೀಕ್ಷಿಸಬೇಕು.

ನಗರದಿಂದ ಹಿಮಾಲಯದ ಕಡೆಗೆ ಹೊರಡುವ ಲಾರಿ, ಕಾರುಗಳ ಪಾಡು ಬೇರೆ. ಲಡಾಖಿನ ಚಳಿಯಲ್ಲಿ ಸಾಮಾನ್ಯ ಡೀಸೆಲು ಹೆಪ್ಪುಗಟ್ಟುವುದರಿಂದ, ಇಂಡಿಯನ್ ಆಯಿಲ್ ಸಂಸ್ಥೆಯು ಪಾಣಿಪತ್ತಿನ ಸಂಸ್ಕರಣಾಗಾರದಲ್ಲಿ ತಯಾರಿಸಿದ, ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ವಿಶೇಷ ಡೀಸೆಲನ್ನು 2019ರ ನವೆಂಬರಿನಲ್ಲಿ ಅಲ್ಲಿ ಬಿಡುಗಡೆ ಮಾಡಿತು. ಹೆಪ್ಪುಗಟ್ಟದಿರಲೆಂದು ಡೀಸೆಲಿಗೆ ಸೀಮೆಎಣ್ಣೆ ಬೆರೆಸುವುದರಿಂದ ಇಂದಿನ ಎಂಜಿನುಗಳ ಸೂಕ್ಷ್ಮ ಪಂಪುಗಳು ಸವೆಯುತ್ತವೆ. ಹೆಪ್ಪುಗಟ್ಟಿದ ಎಣ್ಣೆಯನ್ನು ಕರಗಿಸಲು ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದಂತೂ ಪ್ರಾಣಾಪಾಯಕರ. ಇಲ್ಲಿಂದ ಒಯ್ದ ಎಣ್ಣೆಯನ್ನು ದಾರಿಯಲ್ಲೇ ಬಹುಪಾಲು ಮುಗಿಸಿ, ಶೀತಪ್ರದೇಶಕ್ಕೆ ಏರುವ ಮುನ್ನವೇ ಆ ಪ್ರದೇಶಕ್ಕೆಂದು ಮಾರುವ ಡೀಸೆಲನ್ನು ತುಂಬಿಸಿ, ಅದು ಫಿಲ್ಟರಿನವರೆಗೂ ತಲಪುವಂತೆ ಎಂಜಿನನ್ನು ಸ್ವಲ್ಪ ಹೊತ್ತು ಓಡಿಸುವುದೇ ಸುರಕ್ಷಿತವಾದ ಮಾರ್ಗ. ಒಮ್ಮೆ ಮೇಣ ಕಟ್ಟಿದ ಮೇಲೆ ಹೊಸ ಎಣ್ಣೆ ಸುರಿದ ಮಾತ್ರಕ್ಕೆ ಅದು ಕರಗುವುದಿಲ್ಲ.