ಚೀಟಿ ಜಾಹೀರಾತಿನಿಂದ ರೀಲ್ಸ್‌ವರೆಗೆ: ಹೈದರಾಬಾದಿನಲ್ಲಿ ಹಣದ ಕತೆ ಹೇಳುವವರು

ಹೈದರಾಬಾದಿನಲ್ಲಿ ಮಾರ್ಗದರ್ಶಿ ಚಿಟ್ ಫಂಡ್ ಶುರುವಾದದ್ದು 1962ರಲ್ಲಿ. ಅದನ್ನು ಕಟ್ಟಿದ ರಾಮೋಜಿ ರಾವ್ 1995ರಲ್ಲಿ ಈಟಿವಿಯನ್ನೂ ತೆರೆದರು. ಟಿವಿಯಲ್ಲಿ ಬಂದ ಮಾರ್ಗದರ್ಶಿ ಜಾಹೀರಾತುಗಳು ಲೆಕ್ಕ ಒಪ್ಪಿಸುತ್ತಿರಲಿಲ್ಲ; ಸಾಮಾನ್ಯ ಮನೆಯವರಂತೆ ಕಾಣುವವರು ಬಂದು, ಚೀಟಿ ಕಟ್ಟಿ ತಾವೇನು ಕೊಂಡೆವೆಂದು ಹೇಳುತ್ತಿದ್ದರು. ಇಂದಿನ ಹಣಕಾಸು ವಿಡಿಯೊಗಳ ಅಚ್ಚು ಅಲ್ಲೇ ಇತ್ತೆಂದು ನನಗನ್ನಿಸುತ್ತದೆ. ಈಟಿವಿ ಕನ್ನಡ ಕೂಡ 2000ರಲ್ಲಿ ಅದೇ ಊರಿನ ರಾಮೋಜಿ ಫಿಲ್ಮ್ ಸಿಟಿಯಿಂದಲೇ ನಮ್ಮ ಮನೆಗಳಿಗೆ ಬಂತು.

ಆಗ ಜನ ನಂಬುತ್ತಿದ್ದುದು ಸಂಸ್ಥೆಯನ್ನು. 2019ರ ನವೆಂಬರಿನಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಗ್ರಾಹಕರ ಷೇರುಗಳನ್ನು ಅಡವಿಟ್ಟು ಸಾಲ ಎತ್ತಿದ್ದಕ್ಕಾಗಿ ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ತಡೆಯಿತು. ಬೋರ್ಡಿಗಿಂತ ಮುಖವನ್ನು ನಂಬುವ ಕಾಲ ಬಂದದ್ದಕ್ಕೆ ಇದೂ ಒಂದು ಕಾರಣವೆನ್ನಬೇಕು. ಜಿಯೊ ಬಂದು ಡೇಟಾ ಅಗ್ಗವಾಗಿತ್ತು. 2020ರ ಮಳೆಗಾಲದಲ್ಲಿ ಟಿಕ್‌ಟಾಕ್ ಹೋಗಿ ರೀಲ್ಸ್ ಬಂತು. ಆ ವರ್ಷದ ಮಾರ್ಚಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು 2024ರ ಮಾರ್ಚಿಗೆ 15 ಕೋಟಿಗೇರಿದವು.

ಈ ಹೊಸಬರಿಗೆ ಮೊದಲು ಸಿಕ್ಕಿದ್ದು ಗೆದ್ದವನ ಕತೆ: ಕೆಲಸ ಬಿಟ್ಟೆ, ಟ್ರೇಡಿಂಗ್ ಕಲಿತೆ, ಕಾರು ಕೊಂಡೆ. 'ಬಾಪ್ ಆಫ್ ಚಾರ್ಟ್' ಹೆಸರಿನ ನಾಸಿರುದ್ದೀನ್ ಅನ್ಸಾರಿ ವಿರುದ್ಧ ಸೆಬಿ 2023ರ ಅಕ್ಟೋಬರಿನಲ್ಲಿ ಹೊರಡಿಸಿದ ಮಧ್ಯಂತರ ಆದೇಶ ಇಂಥ ಕತೆಯ ಒಳಗನ್ನು ತೋರಿಸಿತು. ಕೋರ್ಸು ಮಾರಿ ಗಳಿಸಿದ 17 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಪ್ರತ್ಯೇಕ ಖಾತೆಗೆ ಕಟ್ಟಲು ಹೇಳಿತು. ಲಾಭ ಕಲಿಸುತ್ತಿದ್ದ ಆತ ಸ್ವತಃ ಟ್ರೇಡಿಂಗಿನಲ್ಲಿ ನಷ್ಟದಲ್ಲಿದ್ದ.

ಅದಕ್ಕೂ ಮೊದಲೇ, 2023ರ ಏಪ್ರಿಲಿನಲ್ಲಿ, ಸೆಬಿ ನೋಂದಾಯಿತ ಸಲಹೆಗಾರರಿಗೆ ಜಾಹೀರಾತು ಸಂಹಿತೆ ತಂದಿತ್ತು: ಖಚಿತ ಲಾಭದ ಭರವಸೆ ಬೇಡ, ಹಿಂದಿನ ಸಾಧನೆಯ ಪ್ರಸ್ತಾಪ ಬೇಡ, ನೋಂದಣಿ ಸಂಖ್ಯೆ ಕಾಣಲೇಬೇಕು. 2025ರ ಜನವರಿಯ ಸುತ್ತೋಲೆ ಪಾಠ ಮಾತ್ರ ಹೇಳುವವರನ್ನೂ ಬಿಗಿಹಿಡಿದು, ಕಳೆದ ಮೂರು ತಿಂಗಳ ಷೇರು ಬೆಲೆಗಳನ್ನು ಉದಾಹರಣೆಗೆ ಬಳಸಕೂಡದೆಂದಿತು.

ಕತೆಗಾರರ ಕೈ ಕಟ್ಟಿದ ಈ ನಿಯಮಗಳು ಕತೆಯನ್ನು ಒಳ್ಳೆಯದನ್ನಾಗಿಸಿದವು ಎಂಬುದು ನನ್ನ ದೃಢ ಅಭಿಪ್ರಾಯ. ಲಾಭದ ಬಡಾಯಿ ಹೋದರೆ ಉಳಿಯುವುದು ಸಂಸಾರ. ಗಚ್ಚಿಬೌಲಿಯ ಐಟಿ ದಂಪತಿಯ ಇಎಂಐ, ಶಂಕರಪಲ್ಲಿಯ ಕಡೆ 'ವೆಂಚರ್' ಎಂಬ ಬಡಾವಣೆಯಲ್ಲಿ ಕೊಂಡ ಪ್ಲಾಟು ಮಗಳ ಕಾಲೇಜಿನ ಹೊತ್ತಿಗೆ ಮಾರಾಟವಾಗದೆ ನಿಲ್ಲುವ ಸಂಕಟ, ಟರ್ಮ್ ವಿಮೆ ಇಲ್ಲದೆ ಗಂಡ ಸತ್ತ ಮನೆ: ಇವನ್ನು ಹೆಸರು ಮರೆಮಾಡಿ, ಸಾವಧಾನವಾಗಿ ಬಿಡಿಸಿ ಹೇಳುವ ಸಲಹೆಗಾರನಿಗೆ ಹೆಸರು ತಾನಾಗಿ ಬರುತ್ತದೆ.

ಇನ್ನೂ ಮಸುಕಾಗಿರುವುದು ಒಂದಿದೆ. ಸಲಹೆಗಾರ ಗ್ರಾಹಕರಿಂದ ಶುಲ್ಕ ಪಡೆಯುತ್ತಾನೆ. ಮ್ಯೂಚುವಲ್ ಫಂಡ್ ವಿತರಕನಿಗೆ ಕಮಿಷನ್ ಬರುವುದು ಫಂಡ್ ಕಂಪನಿಯಿಂದ. ವಿಡಿಯೊದಲ್ಲಿ ಇಬ್ಬರದೂ ಒಂದೇ ಆತ್ಮೀಯ ದನಿ. ಸಲಹೆಗಾರನ ನೋಂದಣಿ 'ಐಎನ್‌ಎ' ಎಂದು, ವಿತರಕನದು 'ಎಆರ್‌ಎನ್' ಎಂದು ಆರಂಭವಾಗುತ್ತದೆ. ತನಗೆ ಹಣ ಎಲ್ಲಿಂದ ಬರುತ್ತದೆಂದು ಮೊದಲ ನಿಮಿಷದಲ್ಲೇ ಹೇಳುವ ವಿಡಿಯೊಗಳು ಇನ್ನೂ ಹೆಚ್ಚಬೇಕು.